ಊರಿಗೆ ವಯಸ್ಸಾದಾಗ: ಜಪಾನಿನ ಲೆಕ್ಕ, ನಮ್ಮ ಲೆಕ್ಕ



ಈ ಸಂಚಿಕೆಯ ಅಧ್ಯಯನ ಪಾಠಕ್ಕೆ ಕೊಳೆರೋಗವನ್ನಾಗಲಿ ಕಾಂಡಕೊರಕವನ್ನಾಗಲಿ ಆರಿಸಿಕೊಳ್ಳದೆ ಜನಸಂಖ್ಯೆಯ ವಿಷಯವನ್ನು ಎತ್ತಿಕೊಂಡಿದ್ದೇವೆ. ಇದು ಪೇಟೆಯ ಪಂಡಿತರು ಚರ್ಚಿಸುವ ವಿಷಯವಲ್ಲವೇ, ಬೆಳೆಗಾರರ ಪತ್ರಿಕೆಗೆ ಇದೇತಕ್ಕೆ ಎಂದು ಕೆಲವರು ಕೇಳಬಹುದು. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. 2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905 ಇತ್ತು. 2011ರಲ್ಲಿ ಅದು 11,37,961ಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ರಾಜ್ಯದ ಒಟ್ಟು ಜನಸಂಖ್ಯೆ ನೂರಕ್ಕೆ 15ಕ್ಕೂ ಮೀರಿ ಏರಿತ್ತು. ರಾಜ್ಯದಲ್ಲಿ ಜನ ಕಡಿಮೆಯಾದ ಜಿಲ್ಲೆ ಇದೊಂದೇ. ಕೊಡಗಿನಲ್ಲಿ ಏರಿಕೆಯಾದದ್ದು ಆರು ಸಾವಿರಕ್ಕೂ ಕಡಿಮೆ, ಅಂದರೆ ನೂರಕ್ಕೆ ಒಂದರಷ್ಟು. ಕಾಫಿಗೆ ಹೆಸರಾದ ಎರಡು ಜಿಲ್ಲೆಗಳ ಕಥೆ ಇದು. ನೆರೆಯ ಕೇರಳದಲ್ಲೂ ಅದೇ ಅವಧಿಯಲ್ಲಿ ಜನ ಕಡಿಮೆಯಾದ ಜಿಲ್ಲೆಗಳು ಎರಡು: ಪತ್ತನಂತಿಟ್ಟ ಮತ್ತು ಏಲಕ್ಕಿ, ಮೆಣಸಿನ ಇಡುಕ್ಕಿ. 2021ರ ಗಣತಿ ಕೊರೋನಾ ಕಾರಣದಿಂದ ನಡೆಯಲಿಲ್ಲ. ಮುಂದಿನ ಗಣತಿ 2027ಕ್ಕೆ ಗೊತ್ತಾಗಿದೆ. ಅದರಲ್ಲಿ ಏನು ಹೊರಬೀಳುವುದೆಂದು ನಾವು ಈಗಲೇ ಹೇಳಲಾರೆವು. ಆದರೆ ನಮ್ಮ ಸರ್ವಸದಸ್ಯರ ಸಭೆಗೆ ಬಂದು ಕುಳಿತವರ ತಲೆಗಳನ್ನು ನೋಡಿದವರಿಗೆ ಒಂದು ಅಂದಾಜು ಸಿಕ್ಕೀತು.

ಕಳೆದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಸಾಲದ ಯೋಜನೆಯ ಮೇಲೆ ಮಾತು ಬಂದಾಗ ಎದ್ದುನಿಂತು, "ಸಾಲ ಕೊಡ್ತೀರಿ, ಸರಿ. ಆದರೆ ಯಾರಿಗೆ ಕೊಡ್ತೀರಿ ಮಾರಾಯ್ರೆ? ನನಗೆ ಎಪ್ಪತ್ತೆಂಟು. ತೀರಿಸಬೇಕಾದವನು ಬೆಂಗಳೂರಲ್ಲಿ ಕೂತಿದ್ದಾನೆ, ಅವನಿಗೆ ತೋಟದ ಗಡಿ ಯಾವುದು ಅಂತಲೂ ಗೊತ್ತಿಲ್ಲ" ಎಂದರು. ಸಭೆ ನಕ್ಕಿತು. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ಈ ಪಾಠವು ಆ ಪ್ರಶ್ನೆಗೆ ನಾವು ಕೊಡಬೇಕಾಗಿದ್ದ, ಕೊಡದೇ ಉಳಿದ ಉತ್ತರವೆಂದು ತಿಳಿಯಬಹುದು.

ಮೊದಲು ಮೂಲತತ್ತ್ವ. ಒಂದು ದೇಶಕ್ಕೆ ಅಥವಾ ಊರಿಗೆ ವಯಸ್ಸಾಗುವುದು ಎಂದರೇನು? ಅಡಿಕೆ ತೋಟದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮರ ಸತ್ತಲ್ಲಿ ಎಡೆಗೆ ಸಸಿ ಇಡುವುದನ್ನು ಒಬ್ಬ ಬೆಳೆಗಾರ ನಿಲ್ಲಿಸಿದನೆಂದು ಇಟ್ಟುಕೊಳ್ಳಿ. ಮೊದಲ ಹತ್ತು ಹದಿನೈದು ವರ್ಷ ಅವನಿಗೆ ಲಾಭವೇ. ಸಸಿ ಕೊಳ್ಳುವ, ಗುಂಡಿ ತೆಗೆಸುವ, ನೆರಳು ಮಾಡುವ ಖರ್ಚಿಲ್ಲ. ಇರುವ ಮರಗಳೆಲ್ಲ ತುಂಬು ಫಲದಲ್ಲಿರುತ್ತವೆ. ಆಮೇಲೆ ಎಲ್ಲ ಮರಗಳೂ ಒಟ್ಟಿಗೇ ಮುದಿಯಾಗುತ್ತವೆ. ಜನಸಂಖ್ಯೆಯೂ ಹೀಗೆಯೇ. ಮಕ್ಕಳು ಹುಟ್ಟುವುದು ಕಡಿಮೆಯಾದಾಗ ಮೊದಲು ಸಿಗುವುದು ಅನುಕೂಲವೇ. ದುಡಿಯುವವರು ಹೆಚ್ಚು, ಸಾಕಬೇಕಾದವರು ಕಡಿಮೆ, ಉಳಿತಾಯ ಹೆಚ್ಚು. ಅರ್ಥಶಾಸ್ತ್ರಜ್ಞರು ಇದನ್ನು ಜನಸಂಖ್ಯೆಯ ಲಾಭಾಂಶ ಎನ್ನುತ್ತಾರೆ. ಲಾಭಾಂಶವನ್ನು ಹಂಚಿ ತಿಂದರೆ ಏನಾಗುತ್ತದೆ, ಮೀಸಲು ನಿಧಿಗೆ ಹಾಕಿದರೆ ಏನಾಗುತ್ತದೆ ಎಂಬುದು ಸಹಕಾರಿಗಳಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಒಬ್ಬ ತಾಯಿಗೆ ಸರಾಸರಿ 2.1 ಮಕ್ಕಳಿದ್ದರೆ ಜನಸಂಖ್ಯೆ ಕಾಲಾಂತರದಲ್ಲಿ ಇದ್ದಷ್ಟೇ ಉಳಿಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಸರಾಸರಿ 2.0, ಕರ್ನಾಟಕದ್ದು 1.7. "ಆರತಿಗೊಬ್ಬಳು ಕೀರ್ತಿಗೊಬ್ಬ" ಎಂದು ಗೋಡೆಗೋಡೆಗೆ ಬರೆಸುತ್ತಿದ್ದ ಕಾಲದಲ್ಲಿ ಬೆಳೆದ ನಮ್ಮಂಥವರಿಗೆ ಇದನ್ನು ನಂಬುವುದು ಕಷ್ಟ. ಆದರೂ ಭಾರತದ ಜನಸಂಖ್ಯೆ ಇನ್ನೂ ಕೆಲವು ದಶಕ ಏರುತ್ತಲೇ ಇರುತ್ತದೆ. ಯಾಕೆಂದರೆ ಹಿಂದೆ ಹೆಚ್ಚಾಗಿ ಹುಟ್ಟಿದವರು ಈಗ ತಾಯ್ತಂದೆಯರಾಗುವ ವಯಸ್ಸಿನಲ್ಲಿದ್ದಾರೆ. ಎರಡನೆಯ ಕಾರಣ ಆಯುಷ್ಯ ಹೆಚ್ಚಿದ್ದು. ಇದು ಸಂತೋಷದ ಸಂಗತಿ. ಮೂರನೆಯದು ವಲಸೆ. ದೇಶದ ಲೆಕ್ಕದಲ್ಲಿ ಇದು ಚಿಕ್ಕದಾಗಿ ಕಂಡರೂ ಮಲೆನಾಡಿನ ಹಳ್ಳಿಯ ಲೆಕ್ಕದಲ್ಲಿ ಇದೇ ದೊಡ್ಡದು. ಹೆರಿಗೆಯ ಅಂಕಿ ಕುಸಿಯುವ ಮೊದಲೇ ಓದಿದ ಮಕ್ಕಳು ಬಸ್ಸು ಹತ್ತಿ ಹೋದರೆ, ಜಪಾನಿನಲ್ಲಿ ಮೂವತ್ತು ವರ್ಷಗಳಲ್ಲಿ ಆದದ್ದು ಇಲ್ಲಿ ಹದಿನೈದೇ ವರ್ಷಗಳಲ್ಲಿ ಆದೀತು.

ಈಗ ಜಪಾನಿಗೆ ಬರೋಣ. ಆ ದೇಶವನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಮುಪ್ಪಿನ ದಾರಿಯಲ್ಲಿ ಅದು ಎಲ್ಲರಿಗಿಂತ ಮುಂದಿದೆ. ಜೊತೆಗೆ ಅದು ನಮ್ಮಂತೆ ಗುಡ್ಡಗಾಡಿನ, ಸಣ್ಣ ಹಿಡುವಳಿಯ, ಬಲವಾದ ಕೃಷಿ ಸಹಕಾರ ಸಂಘಗಳ ದೇಶ. 1970ರಲ್ಲಿ ಅಲ್ಲಿ 65 ದಾಟಿದವರು ನೂರಕ್ಕೆ 7 ಜನ. 1994ರಲ್ಲಿ 14. ಈ ಅಂತರವನ್ನು ದಾಟಲು ಫ್ರಾನ್ಸ್ ದೇಶಕ್ಕೆ 115 ವರ್ಷ ಬೇಕಾಗಿತ್ತು, ಜಪಾನಿಗೆ ಸಾಕಾದದ್ದು 24 ವರ್ಷ. 2023ಕ್ಕೆ ಅದು ನೂರಕ್ಕೆ 29 ಆಯಿತು. ಜನಸಂಖ್ಯೆ 2008ರ ಸುಮಾರಿಗೆ 12 ಕೋಟಿ 80 ಲಕ್ಷಕ್ಕೆ ಮುಟ್ಟಿ, ಅಲ್ಲಿಂದ ಇಳಿಯತೊಡಗಿತು. 2024ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಏಳು ಲಕ್ಷಕ್ಕೂ ಕಡಿಮೆ. 1950ರಲ್ಲಿ ಒಬ್ಬ ವೃದ್ಧರಿಗೆ ದುಡಿಯುವ ವಯಸ್ಸಿನವರು 12 ಜನರಿದ್ದರೆ, ಈಗ ಇಬ್ಬರು.

ಸಂಖ್ಯೆಗಳ ಹಿಂದಿರುವುದನ್ನು ಕಾಣಬೇಕಾದರೆ ಒಂದು ಊರನ್ನು ನೋಡಬೇಕು. ಜಪಾನಿನ ಉತ್ತರದ ಹೊಕ್ಕಾಯ್ಡೋ ದ್ವೀಪದಲ್ಲಿ ಯೂಬಾರಿ ಎಂಬ ಗಣಿ ಪಟ್ಟಣವಿದೆ. 1960ರಲ್ಲಿ ಅಲ್ಲಿ ಒಂದು ಲಕ್ಷ ಹದಿನಾರು ಸಾವಿರ ಜನರಿದ್ದರು. ಕಲ್ಲಿದ್ದಲಿನ ಕಾಲ ಮುಗಿದು ಗಣಿಗಳು ಒಂದೊಂದಾಗಿ ಮುಚ್ಚಿದವು. 1981ರಲ್ಲಿ ಹೊಸ ಗಣಿಯೊಂದರಲ್ಲಿ ಅನಿಲ ದುರಂತವಾಗಿ 93 ಜನ ಸತ್ತರು. 1990ಕ್ಕೆ ಕೊನೆಯ ಗಣಿಯೂ ಮುಚ್ಚಿತು. ಯುವಕರು ಹೊರಟುಹೋದರು. ನಗರಸಭೆ ಏನು ಮಾಡಿತು? ಜನ ಹಿಂದಿರುಗಿ ಬರುತ್ತಾರೆಂಬ ನಂಬಿಕೆಯಿಂದ ಸಾಲ ತೆಗೆದು ಉದ್ಯಾನ, ವಸ್ತುಸಂಗ್ರಹಾಲಯ, ಹೋಟೆಲು, ಹಿಮದ ಮೇಲೆ ಜಾರುವ ಆಟದ ಮೈದಾನಗಳನ್ನು ಕಟ್ಟಿತು. ಲೆಕ್ಕಪತ್ರದಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ತಾತ್ಕಾಲಿಕ ಸಾಲ ತೋರಿಸಿ ಕೊರತೆಯನ್ನು ವರ್ಷವರ್ಷವೂ ಮುಂದಕ್ಕೆ ತಳ್ಳಿತು. (ಈ ಕಲೆಯನ್ನು ಬಲ್ಲವರು ನಮ್ಮಲ್ಲೂ ಇದ್ದಾರೆ, ಲೆಕ್ಕಪರಿಶೋಧಕರಿಗೆ ಕೇಳಿನೋಡಿ.) 2006ರಲ್ಲಿ ಸತ್ಯ ಹೊರಬಿತ್ತು. 2007ರಲ್ಲಿ ನಗರ ದಿವಾಳಿಯೆಂದು ಘೋಷಣೆಯಾದಾಗ ತೀರಿಸಬೇಕಾದ ಹೊರೆ 3,530 ಕೋಟಿ ಯೆನ್.

ಆ ಹೊರೆಯನ್ನು ಹೊತ್ತವರು ಊರಿನಲ್ಲಿ ಉಳಿದವರು, ಅಂದರೆ ಮುದುಕರು. ತೆರಿಗೆ ಏರಿತು. ನೌಕರರ ಸಂಖ್ಯೆಯನ್ನೂ ಸಂಬಳವನ್ನೂ ಕಡಿದರು. ಗ್ರಂಥಾಲಯ ಮುಚ್ಚಿತು. ಪ್ರಾಥಮಿಕ ಶಾಲೆಗಳೆಲ್ಲ ಸೇರಿ ಒಂದಾದವು, ಮಾಧ್ಯಮಿಕ ಶಾಲೆಗಳೂ ಒಂದಾದವು. 171 ಹಾಸಿಗೆಗಳಿದ್ದ ನಗರ ಆಸ್ಪತ್ರೆ 19 ಹಾಸಿಗೆಗಳ ಚಿಕಿತ್ಸಾಲಯವಾಯಿತು. 2011ರಲ್ಲಿ ಮೂವತ್ತು ವರ್ಷದ ಯುವಕ ಸುಜುಕಿ ನಾವೊಮಿಚಿ ಮೇಯರ್ ಆದರು. ಅವರು ಮಾಡಿದ ಒಂದು ಕೆಲಸ ನಮಗೆ ಬಹಳ ವಿಚಾರಯೋಗ್ಯವೆಂದು ತೋರಿದೆ. ಊರಿಗೆ ಬರುವ ರೈಲಿನ ಕವಲು ಹಳಿಯನ್ನು ಕಂಪೆನಿಯವರು ಇಂದಲ್ಲ ನಾಳೆ ಮುಚ್ಚುವರೆಂಬುದು ಗೊತ್ತಿತ್ತು. ಬೇರೆ ಊರುಗಳವರು ಧರಣಿ ಕೂರುವಲ್ಲಿ, ಇವರು ತಾವಾಗಿಯೇ ಹೋಗಿ, "ಮುಚ್ಚಿರಿ, ಆದರೆ ಬದಲಿಗೆ ಊರೊಳಗಿನ ಬಸ್ಸಿನ ವ್ಯವಸ್ಥೆಗೆ ನೆರವು ಕೊಡಿ" ಎಂದು ಚೌಕಾಸಿ ಮಾಡಿದರು. 2019ರಲ್ಲಿ ಹಳಿ ಮುಚ್ಚಿತು. ಚದುರಿದ್ದ ಮನೆಗಳವರನ್ನು ಊರಿನ ನಡುವಿನ ಹೊಸ ವಸತಿಗಳಿಗೆ ತರುವ ಕೆಲಸವನ್ನೂ ಕೈಗೊಂಡರು. 2020ರ ಗಣತಿಯಲ್ಲಿ ಅಲ್ಲಿ ಉಳಿದವರು ಏಳು ಸಾವಿರದ ಚಿಲ್ಲರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದವರು.

ಒಂದು ವಿಷಯವನ್ನು ಬಿಡಲಾಗದು. ಯೂಬಾರಿಯ ಹೆಸರನ್ನು ಈಗಲೂ ದೇಶದಲ್ಲಿ ಉಳಿಸಿರುವುದು ಅಲ್ಲಿನ ಕರಬೂಜದ ಹಣ್ಣು. 2019ರ ಹಂಗಾಮಿನ ಮೊದಲ ಹರಾಜಿನಲ್ಲಿ ಎರಡು ಹಣ್ಣುಗಳಿಗೆ 50 ಲಕ್ಷ ಯೆನ್ ಕೂಗಿದರು. ಬೀಜವನ್ನು ಸಹಕಾರ ಸಂಘವೇ ಹಿಡಿದಿಟ್ಟುಕೊಂಡಿದೆ, ದರ್ಜೆಯನ್ನೂ ಸಂಘವೇ ಗೊತ್ತುಮಾಡುತ್ತದೆ. ಆದರೆ ಅದನ್ನು ಬೆಳೆಯುವ ಕುಟುಂಬಗಳ ಸಂಖ್ಯೆಯೂ ಇಳಿಯುತ್ತಲೇ ಬಂದಿದೆ. ಒಳ್ಳೆಯ ಬೆಲೆ ಸಿಕ್ಕರೆ ಮಕ್ಕಳು ತೋಟಕ್ಕೆ ಹಿಂದಿರುಗುತ್ತಾರೆ ಎಂದು ನಾವು ಸಭೆಗಳಲ್ಲಿ ಸುಲಭವಾಗಿ ಹೇಳುತ್ತೇವಲ್ಲ, ಅದು ಅರ್ಧ ಸತ್ಯ ಮಾತ್ರ.

ಯೂಬಾರಿಯ ಕಥೆಯಿಂದ ಮೇಲೆದ್ದು ಬರುವ ಅರ್ಥಶಾಸ್ತ್ರದ ಪಾಠವೇನು? ಊರಿನ ಖರ್ಚುಗಳಲ್ಲಿ ತಲೆಗೆ ಇಷ್ಟೆಂದು ಏರಿಳಿಯುವವು ಕೆಲವು. ಜನ ಎಷ್ಟೇ ಇರಲಿ ಬದಲಾಗದವು ಹಲವು. ಘಟ್ಟದ ತಿರುವಿನಲ್ಲಿ ಒಂದು ಮೋರಿ ಕೊಚ್ಚಿಹೋದರೆ, ಮುಂದೆ ನಲವತ್ತು ಮನೆಗಳಿದ್ದರೂ ನಾಲ್ಕೇ ಮನೆಗಳಿದ್ದರೂ ಅದನ್ನು ಕಟ್ಟುವ ಖರ್ಚು ಒಂದೇ. ವಿದ್ಯುತ್ ತಂತಿ, ಕುಡಿಯುವ ನೀರಿನ ಕೊಳವೆ, ಆರೋಗ್ಯ ಕೇಂದ್ರ, ಶಾಲೆ, ನಮ್ಮ ಸಂಘದ ಗೋದಾಮು, ಎಲ್ಲಕ್ಕೂ ಇದೇ ನಿಯಮ. ಜನ ಅರ್ಧವಾದಾಗ ತಲೆಗೆ ಬೀಳುವ ಹೊರೆ ಎರಡರಷ್ಟಾಗುತ್ತದೆ. ಹೊರೆ ಹೆಚ್ಚಾದುದಕ್ಕೆ ಸೇವೆ ಕಡಿತವಾಗುತ್ತದೆ, ಸೇವೆ ಕಡಿತವಾದುದಕ್ಕೆ ಇನ್ನಷ್ಟು ಜನ ಹೋಗುತ್ತಾರೆ. ಸಂಜೆಯ ಕೊನೆಯ ಬಸ್ಸು ನಿಂತ ವರ್ಷವೇ ಹೈಸ್ಕೂಲಿನ ಮಕ್ಕಳಿರುವ ಮನೆಯವರು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುವುದನ್ನು ನಾವೆಲ್ಲ ಕಂಡವರೇ.

ಎರಡನೆಯದು ಆಸ್ತಿಯ ಬೆಲೆ. 2023ರ ಸಮೀಕ್ಷೆಯಲ್ಲಿ ಜಪಾನಿನಲ್ಲಿ ಖಾಲಿ ಬಿದ್ದ ಮನೆಗಳು 90 ಲಕ್ಷ, ಅಂದರೆ ನೂರರಲ್ಲಿ ಸುಮಾರು 14. ಮೂರನೆಯದು ದುಡಿಯುವ ಕೈಗಳ ಅಭಾವ. ಅಲ್ಲಿ ಬೇಸಾಯವನ್ನೇ ಮುಖ್ಯ ಕಸುಬಾಗಿ ಮಾಡಿಕೊಂಡವರು 2000ದಲ್ಲಿ 24 ಲಕ್ಷ ಇದ್ದರು. 2020ಕ್ಕೆ 13 ಲಕ್ಷ 63 ಸಾವಿರಕ್ಕೆ ಇಳಿದರು. ಅವರ ಸರಾಸರಿ ವಯಸ್ಸು 67.8. ಸರಾಸರಿ ಎಂಬುದನ್ನು ಮರೆಯಬೇಡಿ! ನಾಲ್ಕನೆಯದು ಸರಕಾರದ ಬೊಕ್ಕಸ. ತೆರಿಗೆ ಕೊಡುವವರು ಕಡಿಮೆ, ಪಿಂಚಣಿ ಮತ್ತು ಔಷಧದ ಖರ್ಚು ಹೆಚ್ಚು. ಜಪಾನ್ ಸರಕಾರದ ಸಾಲ ಆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟನ್ನು ಮೀರಿದೆ.

ಇಷ್ಟು ಕೇಳಿ ಎದೆಗುಂದಬೇಕಾಗಿಲ್ಲ. ಜಪಾನ್ ಕುಸಿದು ಬಿದ್ದಿಲ್ಲ, ಈಗಲೂ ಶ್ರೀಮಂತ ದೇಶವೇ. ಅಲ್ಲಿನವರು ಮಾಡಿದ ತಪ್ಪುಗಳೂ ಒಳ್ಳೆಯ ಕೆಲಸಗಳೂ ಎರಡೂ ನಮಗೆ ಬೇಕು.

ತಪ್ಪಿನಿಂದ ಶುರುಮಾಡೋಣ. 1973ರಲ್ಲಿ, ವೃದ್ಧರು ಇನ್ನೂ ನೂರಕ್ಕೆ ಏಳೆಂಟು ಜನರಿದ್ದಾಗ, ಕೈ ತುಂಬ ಹಣವಿದ್ದ ಸರಕಾರ ಎಪ್ಪತ್ತು ದಾಟಿದವರಿಗೆ ವೈದ್ಯಕೀಯವನ್ನು ಪೂರ್ತಿ ಉಚಿತ ಮಾಡಿತು. ಆಸ್ಪತ್ರೆಯ ಹಜಾರಗಳು ಮುದುಕರ ಹರಟೆಕಟ್ಟೆಗಳಾದವೆಂಬ ದೂರು ಬಂತು. ಹತ್ತು ವರ್ಷಗಳಲ್ಲಿ, 1983ರಲ್ಲಿ, ಸಣ್ಣ ಮೊತ್ತವನ್ನಾದರೂ ರೋಗಿಗಳೇ ಕೊಡಬೇಕೆಂದು ಬದಲಿಸಬೇಕಾಯಿತು. ಕೊಟ್ಟ ಸವಲತ್ತನ್ನು ಹಿಂದೆಗೆದುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಯಾವ ಸರಕಾರವನ್ನು ಕೇಳಿದರೂ ಹೇಳೀತು.

ಒಳ್ಳೆಯ ಕೆಲಸವೆಂದರೆ 2000ದ ಏಪ್ರಿಲ್‌ನಲ್ಲಿ ತಂದ ಆರೈಕೆ ವಿಮೆ. ನಲವತ್ತು ದಾಟಿದ ಪ್ರತಿಯೊಬ್ಬರೂ ಕಂತು ಕಟ್ಟುತ್ತಾರೆ. ಅರ್ಧ ಹಣ ಕಂತಿನಿಂದ, ಅರ್ಧ ಸರಕಾರದಿಂದ. ಹಾಸಿಗೆ ಹಿಡಿದ ಅಥವಾ ಮರೆವಿನ ರೋಗದ ವೃದ್ಧರಿಗೆ ಮನೆಗೇ ಬಂದು ಸ್ನಾನ ಮಾಡಿಸುವ, ಹಗಲು ಹೊತ್ತು ನೋಡಿಕೊಳ್ಳುವ ವ್ಯವಸ್ಥೆ ಇದರಿಂದಾಯಿತು. ಸಾಮಾನ್ಯವಾಗಿ ಖರ್ಚಿನಲ್ಲಿ ಹತ್ತನೆಯ ಒಂದು ಪಾಲನ್ನು ಮನೆಯವರು ಕೊಡುತ್ತಾರೆ, ಆದಾಯ ಹೆಚ್ಚಿದ್ದವರು ಇನ್ನೂ ಸ್ವಲ್ಪ ಹೆಚ್ಚು ಕೊಡುತ್ತಾರೆ. ಇದು ದಾನವಲ್ಲ, ವಿಮೆ. ಮುಖ್ಯವಾಗಿ ಸೊಸೆಯಂದಿರ ಹೆಗಲ ಮೇಲಿದ್ದ ಹೊರೆಯನ್ನು ಅದು ಊರಿನ ಹೆಗಲಿಗೆ ದಾಟಿಸಿತು. ಇಷ್ಟಾದರೂ ವರ್ಷಕ್ಕೆ ಸುಮಾರು ಒಂದು ಲಕ್ಷ ಜನ ಮನೆಯ ಹಿರಿಯರ ಆರೈಕೆಗಾಗಿ ಕೆಲಸ ಬಿಡುತ್ತಾರೆ. ನಮ್ಮಲ್ಲಿ ಈ ಲೆಕ್ಕವನ್ನು ಇಟ್ಟವರೇ ಇಲ್ಲ. ಅತ್ತೆಯ ಆರೈಕೆಗೆಂದು ಕಾಫಿ ಕಣದ ಕೆಲಸ ಬಿಟ್ಟ ಹೆಣ್ಣುಮಗಳ ದುಡಿಮೆ ಯಾವ ದಾಖಲೆಯಲ್ಲೂ ನಷ್ಟವೆಂದು ಬರುವುದಿಲ್ಲ.

ಉಳಿದ ಕ್ರಮಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಮಾರಾಟದ ಮೇಲಿನ ತೆರಿಗೆಯನ್ನು 1989ರ ನೂರಕ್ಕೆ 3ರಿಂದ ಹಂತಹಂತವಾಗಿ 2019ಕ್ಕೆ 10ಕ್ಕೆ ಏರಿಸಿದರು. ಏರಿಸಿದ ಪ್ರಧಾನಿಗಳಿಗೆ ಚುನಾವಣೆ ಕಷ್ಟವಾಯಿತು. 2004ರಲ್ಲಿ ಪಿಂಚಣಿಯ ಕಂತಿಗೆ ಒಂದು ಮಿತಿಯನ್ನು ಗೊತ್ತುಮಾಡಿ, ಜನರ ಸಂಖ್ಯೆ ಕುಗ್ಗಿದಂತೆ ಪಿಂಚಣಿಯ ಏರಿಕೆ ತಾನಾಗಿ ನಿಧಾನವಾಗುವಂತೆ ಸೂತ್ರ ಹಾಕಿದರು. ಇಷ್ಟಪಟ್ಟವರಿಗೆಲ್ಲ 65ರವರೆಗೆ ಕೆಲಸ ಕೊಡುವುದು 2013ರಿಂದ ಮಾಲೀಕರ ಕರ್ತವ್ಯವಾಯಿತು. 2023ರಲ್ಲಿ 65 ದಾಟಿದವರಲ್ಲಿ ನಾಲ್ಕಕ್ಕೊಬ್ಬರು ದುಡಿಯುತ್ತಿದ್ದರು. ಹೊರದೇಶದವರನ್ನು ಕರೆಸಲು ಬಹುಕಾಲ ಹಿಂಜರಿದ ದೇಶ, 1993ರಲ್ಲಿ "ತರಬೇತಿ" ಎಂಬ ಹೆಸರಿನಲ್ಲಿ ಕರೆಸತೊಡಗಿ, 2019ರಲ್ಲಿ ನೇರವಾಗಿಯೇ ಕೆಲಸದ ಪರವಾನಿಗೆ ಕೊಟ್ಟಿತು. 2023ಕ್ಕೆ ಅವರ ಸಂಖ್ಯೆ 20 ಲಕ್ಷ ದಾಟಿತು.

ಮಕ್ಕಳನ್ನು ಹೆರಿರೆಂದು ಹಣ ಕೊಡುವ ಯೋಜನೆಗಳ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟವಿದೆ: ಹಣವೊಂದರಿಂದ ತೊಟ್ಟಿಲು ತೂಗುವುದಿಲ್ಲ. ಜಪಾನ್ 1994ರಿಂದ ಯೋಜನೆಯ ಮೇಲೆ ಯೋಜನೆ ತಂದಿದೆ, ಆದರೂ 2024ರಲ್ಲಿ ತಾಯಿಗೆ ಸರಾಸರಿ 1.15 ಮಗು. ಕೊರಿಯಾದಲ್ಲಿ 2023ರಲ್ಲಿ 0.72. ಅಪವಾದವಾಗಿ ಒಕಾಯಾಮಾ ಪ್ರಾಂತದ ನಾಗಿ ಎಂಬ ಸುಮಾರು ಆರು ಸಾವಿರ ಜನರ ಊರೊಂದಿದೆ. 2019ರಲ್ಲಿ ಅಲ್ಲಿನ ಸರಾಸರಿ 2.95ಕ್ಕೆ ಏರಿತ್ತು. ಅಲ್ಲಿ ಹಣವೂ ಕೊಟ್ಟರು. ಜೊತೆಗೆ ಎಳೆಮಕ್ಕಳ ತಾಯಂದಿರು ಒಟ್ಟು ಸೇರುವ ಜಾಗ, ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಊರಿನ ಹಿರಿಯರು, ದಿನಕ್ಕೆ ಒಂದೆರಡು ಗಂಟೆಯಷ್ಟೇ ಮಾಡಬಹುದಾದ ಸಣ್ಣಪುಟ್ಟ ಕೆಲಸಗಳು, ಕಡಿಮೆ ಬಾಡಿಗೆಯ ಮನೆ, ಇವೆಲ್ಲವನ್ನೂ ಒದಗಿಸಿದರು. ನಾಗಿಯನ್ನು ನೋಡಲು ದೇಶವಿದೇಶದವರು ಬರುತ್ತಾರೆ. ಆದರೆ ಪಕ್ಕದ ಊರುಗಳಿಂದ ಬಂದು ನೆಲೆಸಿದ ಯುವ ದಂಪತಿಗಳಿಂದಲೂ ಅಂಕಿ ಏರಿದೆಯೆಂಬುದನ್ನು ನೆನಪಿನಲ್ಲಿಡಬೇಕು. ಎಲ್ಲ ಊರುಗಳೂ ಒಂದರಿಂದ ಒಂದು ಜನರನ್ನು ಸೆಳೆದುಕೊಂಡರೆ ದೇಶದ ಲೆಕ್ಕ ಇದ್ದಲ್ಲೇ ಇರುತ್ತದೆ.

ಬೆಳೆಗಾರರಾದ ನಮಗೆ ಹೆಚ್ಚು ಹತ್ತಿರವಾದ ಎರಡು ಕ್ರಮಗಳಿವೆ. ಮೊದಲನೆಯದು ಗುಡ್ಡಗಾಡಿನ ಹಳ್ಳಿಗಳಿಗೆ 2000ದಿಂದ ಕೊಡುತ್ತಿರುವ ನೇರ ನೆರವು. ಇಳಿಜಾರಿನ ಗದ್ದೆಯನ್ನು ಬಯಲಿನ ಗದ್ದೆಯಂತೆ ಯಂತ್ರದಿಂದ ಮಾಡಲಾಗದು, ಖರ್ಚು ಹೆಚ್ಚು ಎಂದು ಒಪ್ಪಿಕೊಂಡು ಆ ವ್ಯತ್ಯಾಸದ ಬಹುಪಾಲನ್ನು ಸರಕಾರ ತುಂಬುತ್ತದೆ. ತೀರ ಕಡಿದಾದ ಭತ್ತದ ಗದ್ದೆಗೆ 10 ಆರ್, ಅಂದರೆ ನಮ್ಮ ಸುಮಾರು ಹತ್ತು ಗುಂಟೆಗೆ, ವರ್ಷಕ್ಕೆ 21,000 ಯೆನ್ ನಿಗದಿಯಾಯಿತು. ಶರತ್ತೆಂದರೆ ಹಳ್ಳಿಯವರು ಒಟ್ಟಾಗಿ ಐದು ವರ್ಷ ಭೂಮಿಯನ್ನು ಪಾಳು ಬಿಡುವುದಿಲ್ಲವೆಂದು ಕರಾರು ಮಾಡಿಕೊಳ್ಳಬೇಕು. ಹಣದ ಒಂದು ಭಾಗ ಕಾಲುವೆ, ದಾರಿಗಳ ಸಾಮೂಹಿಕ ಕೆಲಸಕ್ಕೆ ಹೋಗುತ್ತದೆ. ಬಯಲುಸೀಮೆಯಲ್ಲಿ ಸಮತಟ್ಟಾದ ನೆಲದ ಹೊಸ ಅಡಿಕೆ ತೋಟಗಳೊಡನೆ ನಮ್ಮ ಕಣಿವೆಯ ಹಳೆ ತೋಟಗಳು ಒಂದೇ ಧಾರಣೆಯಲ್ಲಿ ಪೈಪೋಟಿ ಮಾಡಬೇಕಾದ ಈ ಕಾಲದಲ್ಲಿ, ಇಂಥದೊಂದು ವಾದವನ್ನು ನಾವೂ ಸರಕಾರದ ಮುಂದಿಡಬಹುದಾಗಿದೆ.

ಎರಡನೆಯದು ಖಾತೆಯ ವಿಷಯ. ತಂದೆ ತೀರಿಕೊಂಡ ಮೇಲೆ ಮಕ್ಕಳು ಹೆಸರು ಬದಲಿಸಿಕೊಳ್ಳದೆ ಬಿಟ್ಟು, ಅವರ ಮಕ್ಕಳೂ ಬಿಟ್ಟು, ಕೊನೆಗೆ ಒಡೆಯರು ಯಾರೆಂದೇ ತಿಳಿಯದ ಭೂಮಿ ಜಪಾನಿನಲ್ಲಿ 2016ರ ಹೊತ್ತಿಗೆ 41 ಲಕ್ಷ ಹೆಕ್ಟೇರ್ ಇರಬಹುದೆಂದು ತಜ್ಞರ ಮಂಡಲಿಯೊಂದು ಅಂದಾಜು ಮಾಡಿತು. ಅದು ಕ್ಯೂಷು ಎಂಬ ಅಲ್ಲಿನ ಇಡೀ ದ್ವೀಪಕ್ಕಿಂತ ದೊಡ್ಡದು. ಅಂಥ ಜಾಗವನ್ನು ಗೇಣಿಗೆ ಕೊಡಲಾಗದು, ಮಾರಲಾಗದು, ಅದರಲ್ಲಿ ದಾರಿ ಮಾಡಲೂ ಆಗದು. 2024ರ ಏಪ್ರಿಲ್‌ನಿಂದ ವಾರಸುದಾರರು ನೋಂದಣಿ ಮಾಡಿಸಿಕೊಳ್ಳುವುದು ಅಲ್ಲಿ ಕಡ್ಡಾಯವಾಗಿದೆ. ಸಾಗುವಳಿ ಬಿಟ್ಟವರ ಭೂಮಿಯನ್ನು ಪಡೆದು, ಮಾಡುವವರಿಗೆ ಗೇಣಿಗೆ ಕೊಡುವ ಭೂ ಬ್ಯಾಂಕುಗಳನ್ನೂ 2014ರಲ್ಲಿ ತೆರೆದರು.

ನಮ್ಮ ಪೌತಿ ಖಾತೆಯ ಗೋಳು ಇದಕ್ಕಿಂತ ಬೇರೆಯೇ? ನಮ್ಮ ಸದಸ್ಯರೊಬ್ಬರ ತೋಟ ಇಂದಿಗೂ ಅವರ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು ಮೂವತ್ತು ವರ್ಷ ದಾಟಿತು. ವಾರಸುದಾರರು ಈಗ ಹದಿನೇಳು ಮಂದಿ, ಇಬ್ಬರು ಅಮೆರಿಕದಲ್ಲಿದ್ದಾರೆ. ಕೊಳೆರೋಗದಿಂದ ಬೆಳೆ ಹೋದ ವರ್ಷ ಪರಿಹಾರದ ಅರ್ಜಿಯನ್ನು ಕಚೇರಿಯಲ್ಲಿ ಹಿಂದಕ್ಕೆ ಕೊಟ್ಟರು. ಬೆಳೆಸಾಲ ಕೊಡಲು ನಮ್ಮ ಸಂಘಕ್ಕೂ ಆಗಲಿಲ್ಲ. ತೋಟ ಮಾಡುತ್ತಿರುವವರು ಅವರೇ, ಬೆವರು ಅವರದೇ, ಕಾಗದದಲ್ಲಿ ಮಾತ್ರ ಅವರಿಲ್ಲ. ಸರಕಾರ 2025ರಲ್ಲಿ ಇ-ಪೌತಿ ಆಂದೋಲನ ಆರಂಭಿಸಿದೆ. ಸದಸ್ಯರು ಅದರ ಪ್ರಯೋಜನ ಪಡೆಯಬೇಕು. ಸಭೆಗಳಿಗೆ ನಾವು ಕರೆಯುವ ಭಾಷಣಕಾರರಿಗಿಂತ ಭೂದಾಖಲೆ ಬಲ್ಲ ಒಬ್ಬ ಗುಮಾಸ್ತರನ್ನು ವಾರಕ್ಕೊಂದು ದಿನ ಸಂಘದಲ್ಲಿ ಕೂರಿಸುವುದು ಮೇಲೆಂದು ನಮಗೆ ತೋರುತ್ತದೆ.

ಈಗ ಕೂಲಿಯ ಮಾತು. ಕಾಫಿಯ ಖರ್ಚಿನಲ್ಲಿ ಅರ್ಧಕ್ಕೂ ಮೇಲೆ ಆಳಿನದು. ಹಿಂದೆ ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ ಜನ ಬರುತ್ತಿದ್ದರು. ಅಲ್ಲಿ ಶಾಲೆ, ಕೈಗಾರಿಕೆ ಬಂದಂತೆ ಅವರು ನಿಂತರು. ಇಂದು ಅನೇಕ ತೋಟಗಳ ಲೈನ್ ಮನೆಗಳಲ್ಲಿ ಕೇಳುವ ಮಾತು ಅಸ್ಸಾಮಿನದು, ಜಾರ್ಖಂಡಿನದು, ಬಂಗಾಳದ್ದು. ಮೇಸ್ತ್ರಿಗಳೂ ಅಲ್ಲಿನವರೇ. ಈ ಹೊಳೆ ಹೀಗೆಯೇ ಹರಿಯುವುದೆಂದು ಹಲವರು ನಂಬಿದ್ದಾರೆ. ಅದೇ ಕುಟುಂಬ ಸಮೀಕ್ಷೆಯನ್ನು ಇನ್ನೊಮ್ಮೆ ತೆರೆದು ನೋಡೋಣ: ಅಸ್ಸಾಮಿನ ಸರಾಸರಿ 1.9, ಪಶ್ಚಿಮ ಬಂಗಾಳದ್ದು 1.6, ನಮಗಿಂತಲೂ ಕಡಿಮೆ. ಜಾರ್ಖಂಡಿನದು 2.3, ಅದೂ ಇಳಿಯುತ್ತಿದೆ. ಇಂದು ಕುಯ್ಲಿಗೆ ಬರುವ ಹುಡುಗನ ಊರಿನಲ್ಲಿ ಇಪ್ಪತ್ತು ವರ್ಷಗಳ ನಂತರ ಕಳಿಸಲು ಹುಡುಗರೇ ಕಡಿಮೆಯಿರುತ್ತಾರೆ. ಆದುದರಿಂದ ಬಂದವರನ್ನು ಹಂಗಾಮಿನ ಆಳೆಂದು ನೋಡದೆ, ಸಂಸಾರ ಸಮೇತ ನಿಲ್ಲುವಂತೆ ಒಳ್ಳೆಯ ಮನೆ, ಶೌಚಾಲಯ, ಮಕ್ಕಳಿಗೆ ಕನ್ನಡ ಶಾಲೆ ಕಲ್ಪಿಸುವುದು ದಯೆಯ ಮಾತಷ್ಟೇ ಅಲ್ಲ, ನಮ್ಮ ಲಾಭದ ಲೆಕ್ಕವೂ ಹೌದು. 1951ರ ತೋಟ ಕಾರ್ಮಿಕರ ಕಾಯಿದೆ ದೊಡ್ಡ ತೋಟಗಳಿಗೆ ಹೇಳಿದ್ದ ಶಿಶುವಿಹಾರವನ್ನು ಹತ್ತು ಸಣ್ಣ ಬೆಳೆಗಾರರು ಕೂಡಿ ನಡೆಸಬಾರದೇಕೆ? ಮುಚ್ಚುವ ಹಂತದಲ್ಲಿರುವ ಹಳ್ಳಿ ಶಾಲೆಗಳು ಕೆಲವೆಡೆ ಈ ಮಕ್ಕಳಿಂದಲೇ ಉಳಿದಿವೆಯೆಂಬುದನ್ನು ನಾವು ಮರೆಯಲಾಗದು.

ಯಂತ್ರಗಳಿಂದ ಎಷ್ಟು ಸಾಧ್ಯ? ಅಡಿಕೆ ಸುಲಿಯುವುದಕ್ಕೆ ಯಂತ್ರ ಬಂದು ನಮ್ಮ ಬದುಕು ಹಗುರವಾದದ್ದು ನಿಜ. ಕೊನೆಗಾರರ ಅಭಾವಕ್ಕೆ ನೆಲದ ಮೇಲೆ ನಿಂತೇ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬಂಟ್ವಾಳ ತಾಲೂಕಿನ ಕೃಷಿಕರೊಬ್ಬರು ಮರವೇರುವ ಬೈಕನ್ನೇ ಮಾಡಿದ್ದಾರೆ. ಆದರೆ ಹೊಂಬಾಳೆಯ ಹತ್ತಿರ ದೋಟಿಯ ತುದಿಯನ್ನು ನಿಲ್ಲಿಸಲು ಹೆಗಲ ಬಲ ಬೇಕು, ಅರವತ್ತೈದರ ಹೆಗಲಿಗೆ ಅದು ದಿನವಿಡೀ ಆಗುವ ಕೆಲಸವಲ್ಲ. ಹಾಗಾಗಿ ದೋಟಿ ಕೊಂಡರೆ ಸಾಲದು, ದೋಟಿ ಹಿಡಿಯುವ ತರಬೇತಾದ ಯುವಕರ ತಂಡವನ್ನು ಸಂಘವೇ ಇಟ್ಟು, ಸರದಿಯ ಮೇಲೆ ಸದಸ್ಯರ ತೋಟಗಳಿಗೆ ಕಳಿಸಬೇಕು. ಅವರಿಗೆ ವಿಮೆ, ಭವಿಷ್ಯನಿಧಿ, ಸಮವಸ್ತ್ರ ಇದ್ದರೆ ಹೆಣ್ಣು ಕೊಡುವವರೂ ಸಿಕ್ಕಾರು! (ತೋಟ ಮಾಡುವ ಹುಡುಗನಿಗೆ ಹೆಣ್ಣು ಸಿಗದಿರುವುದು ಜನಸಂಖ್ಯೆಯ ಪಾಠದಲ್ಲಿ ಹಾಸ್ಯದ ವಿಷಯವಲ್ಲವೆಂದು ನಮಗೂ ಗೊತ್ತು.) ಕಾಫಿಯ ಸ್ಥಿತಿ ಇನ್ನೂ ಕಷ್ಟ. ಬ್ರೆಜಿಲಿನ ಬಯಲು ತೋಟಗಳಲ್ಲಿ ಓಡುವ ಕುಯ್ಲಿನ ಯಂತ್ರ ನಮ್ಮ ಇಳಿಜಾರಿನಲ್ಲಿ, ನೆರಳು ಮರಗಳ ನಡುವೆ ಓಡಲಾರದು. ಹಣ್ಣಾದಂತೆಲ್ಲ ಮತ್ತೆ ಮತ್ತೆ ಕುಯ್ಯಬೇಕಾದ ಅರೇಬಿಕಾವನ್ನು ಬಿಟ್ಟು ಕೆಲವರು ರೊಬಸ್ಟಾಕ್ಕೆ ಹೋಗಿರುವುದರಲ್ಲಿ ಕಾಂಡಕೊರಕದ ಜೊತೆಗೆ ಆಳಿನ ಅಭಾವದ ಪಾಲೂ ಇದೆ.

ವೃದ್ಧರ ವಿಷಯಕ್ಕೆ ಬಂದರೆ, ಬಡ ವೃದ್ಧರ ರಾಷ್ಟ್ರೀಯ ಪಿಂಚಣಿಯಲ್ಲಿ ಎಂಬತ್ತರ ಕೆಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿಗಳಲ್ಲೇ ವರ್ಷಗಟ್ಟಲೆ ನಿಂತಿದೆ. ರಾಜ್ಯ ಸರಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯ ಮೊತ್ತ 2021ರಲ್ಲಿ 1,200 ಆಯಿತು. ಕೇಂದ್ರ ಸರಕಾರ 2024ರಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ ಐದು ಲಕ್ಷದ ಆಸ್ಪತ್ರೆ ವಿಮೆಯನ್ನು ಘೋಷಿಸಿತು. ಅದು ಆಸ್ಪತ್ರೆಗೆ ಸೇರಿದಾಗಿನ ಮಾತು. ಬಿದ್ದು ಸೊಂಟ ಮುರಿದು ಮನೆಗೆ ಬಂದ ಮೇಲಿನ ಆರು ತಿಂಗಳಿಗೆ ಯಾವ ವಿಮೆಯೂ ಇಲ್ಲ. ನಮ್ಮ ಯುವ ಸದಸ್ಯರು ಒಂದನ್ನು ಗಮನಿಸಬೇಕು. ಎರಡು ಹೆಕ್ಟೇರ್‌ವರೆಗಿನ ಹಿಡುವಳಿಯ, 18ರಿಂದ 40 ವಯಸ್ಸಿನ ರೈತರಿಗೆ 2019ರಲ್ಲಿ ಬಂದ ಮಾನಧನ ಯೋಜನೆಯಲ್ಲಿ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ, ಅಷ್ಟನ್ನೇ ಕೇಂದ್ರವೂ ಹಾಕಿ, 60ರ ನಂತರ ತಿಂಗಳಿಗೆ 3,000 ಬರುತ್ತದೆ. ಆ ಹೊತ್ತಿಗೆ 3,000ಕ್ಕೆ ಏನು ಬರುವುದೆಂಬುದು ಬೇರೆ ಪ್ರಶ್ನೆ. ಆದರೂ ಏನೂ ಇಲ್ಲದ್ದಕ್ಕಿಂತ ಲೇಸು.

ಜನ ಕಡಿಮೆಯಾದರೆ ದೇಶದ ಬೊಕ್ಕಸದಿಂದ ಬರುವ ಪಾಲೂ ಕುಗ್ಗುತ್ತದೆ. 15ನೇ ಹಣಕಾಸು ಆಯೋಗವು 1971ರ ಬದಲು 2011ರ ಜನಸಂಖ್ಯೆಯನ್ನು ಆಧಾರವಾಗಿ ಹಿಡಿಯಿತು. ಕುಟುಂಬ ನಿಯಂತ್ರಣ ಮಾಡಿದ ರಾಜ್ಯಗಳಿಗೆ ಸ್ವಲ್ಪ ಅಂಕ ಕೊಟ್ಟಿದ್ದರೂ, ತೆರಿಗೆಯಲ್ಲಿ ಕರ್ನಾಟಕದ ಪಾಲು ನೂರಕ್ಕೆ 4.71ರಿಂದ 3.65ಕ್ಕೆ ಇಳಿಯಿತು. ಇದಕ್ಕೆ ತಲಾ ಆದಾಯದ ಲೆಕ್ಕವೂ ಕಾರಣವೆಂಬುದನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಗ್ರಾಮ ಪಂಚಾಯಿತಿಯ ಮಟ್ಟದಲ್ಲೂ ತಲೆ ಎಣಿಕೆಯ ಮೇಲೆ ಹಂಚುವ ಹಣಕ್ಕೆ ಇದೇ ಗತಿ. ಮಲೆನಾಡಿನಲ್ಲಿ ದಾರಿ ಉದ್ದ, ತಲೆಗಳು ಕಡಿಮೆ.

ಅಧ್ಯಯನ ಕೂಟಗಳಲ್ಲಿ ಚರ್ಚಿಸಲು ಕೆಲವು ಪ್ರಶ್ನೆಗಳನ್ನು ಕೊಟ್ಟು ಪಾಠ ಮುಗಿಸುತ್ತೇವೆ. ನಿಮ್ಮ ಗ್ರಾಮದ ಸದಸ್ಯರಲ್ಲಿ ಅರವತ್ತು ದಾಟಿದವರೆಷ್ಟು, ಅವರಲ್ಲಿ ತೋಟ ಮುಂದುವರಿಸುವವರು ಯಾರೆಂದು ಗೊತ್ತಿರುವವರೆಷ್ಟು ಎಂದು ಮೊದಲು ಎಣಿಸಿರಿ. ಹತ್ತು ವರ್ಷಗಳ ಹಿಂದೆ ದೀಪ ಉರಿಯುತ್ತಿದ್ದು ಈಗ ಬೀಗ ಹಾಕಿದ ಮನೆಗಳೆಷ್ಟು? ಬೀಗ ಹಾಕಿದವರ ತೋಟವನ್ನು ಸಂಘವೇ ವಹಿಸಿಕೊಂಡು ನೋಡಿಕೊಳ್ಳುವುದಾದರೆ, ಚೇಣಿಗೆ ಕೊಡುವುದಕ್ಕಿಂತ ಒಡೆಯರಿಗೆ ಲಾಭವೇ ನಷ್ಟವೇ? ಯೂಬಾರಿಯ ಮೇಯರರಂತೆ ಉಳಿಸಲಾಗದ್ದನ್ನು ಬಿಟ್ಟುಕೊಟ್ಟು ಬೇಕಾದ್ದನ್ನು ಪಡೆಯಬೇಕಾದರೆ, ನಿಮ್ಮ ಊರಿನಲ್ಲಿ ಬಿಡಬಹುದಾದದ್ದು ಯಾವುದು? ಉತ್ತರಗಳನ್ನು ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಸಂಘದ ಕಚೇರಿಗೆ ತಲುಪಿಸಬೇಕು. ಜೊತೆಗೆ, ನಾಮನಿರ್ದೇಶನದ ಫಾರಂ ತುಂಬದ ಸದಸ್ಯರು ಕೌಂಟರಿನಲ್ಲಿ ಅದನ್ನು ಕೇಳಿ ಪಡೆಯುವುದು.